ಆರೆಂಜ್ ಕ್ರೋಮೈಡ್: ಹೊಳೆಯಿಂದ ತಂದ ಜೋಡಿ, ಟ್ಯಾಂಕಿನಲ್ಲಿ ಹುಟ್ಟಿದ ಜೋಡಿ

ಎರಡೂ ಟ್ಯಾಂಕುಗಳ ಅಳತೆ ಒಂದೇ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಹೊಯಿಗೆ (ಮರಳು), ಹಂಚು ಇಟ್ಟು ಮೇಲೆ ಎರಡಿಂಚು ಬಿಟ್ಟರೆ ನೂರು ಲೀಟರ್ ನೀರು ಹಿಡಿಯುತ್ತದೆ. ಒಂದರಲ್ಲಿ ಮಂಗಳೂರಿನ ಫಲ್ಗುಣಿ ಹೊಳೆಯ ಹಿನ್ನೀರಿನಿಂದ ಹಿಡಿದ ಎಂಟು ಆರೆಂಜ್ ಕ್ರೋಮೈಡ್ ಮೀನು, ಇನ್ನೊಂದರಲ್ಲಿ ಅಂಗಡಿಯಿಂದ ಕೊಂಡ ಎಂಟು. ವರ್ಷ ತುಂಬುವುದರೊಳಗೆ ಎರಡು ಕಡೆಯೂ ಮರಿಗಳಾದವು. ಆದರೆ ಶ್ರಮ ಬಿದ್ದ ಜಾಗ ಬೇರೆ. ಹೊಳೆಮೀನಿನ ಕಷ್ಟವೆಲ್ಲ ಮೊಟ್ಟೆ ಇಡುವ ಮೊದಲೇ ಮುಗಿಯಿತು: ನೀರು, ಹುಳ, ಆಹಾರ. ಅಂಗಡಿ ಮೀನು ಮೂರನೇ ತಿಂಗಳಿಗೇ ಮೊಟ್ಟೆ ಇಟ್ಟಿತು, ಕಷ್ಟ ಆಮೇಲೆ ಶುರುವಾಯಿತು. ಮನೆಯಲ್ಲಿ ಮರಿ ಮಾಡಿಸಲು ಹೊರಟವರು ಈ ಎರಡರಲ್ಲಿ ಯಾವ ಕಷ್ಟ ತಮಗೆ ಸಾಧ್ಯ ಎಂದು ಮೊದಲೇ ತೂಗಿ ನೋಡಬೇಕು. ಬಣ್ಣ ನೋಡಿ ಆರಿಸುವುದು ಆಮೇಲಿನ ಮಾತು.

ಭಾರತದ ಮೂಲದ ಸಿಕ್ಲಿಡ್ ಕುಟುಂಬದ ಮೀನುಗಳು ಮೂರೇ ಮೂರು. ಕೇರಳದವರು ಕರಿಮೀನ್ ಎನ್ನುವ ಪರ್ಲ್ ಸ್ಪಾಟ್ ಅಂದರೆ ಎಟ್ರೋಪ್ಲಸ್ ಸುರಟೆನ್ಸಿಸ್, ಅದರ ಸೋದರಸಂಬಂಧಿಯಂತಿರುವ ಎಟ್ರೋಪ್ಲಸ್ ಕೆನರೆನ್ಸಿಸ್, ಮತ್ತೆ ಈ ಆರೆಂಜ್ ಕ್ರೋಮೈಡ್, ವಿಜ್ಞಾನದ ಹೆಸರು ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್. ಬ್ಲಾಕ್ ಎಂಬ ಜರ್ಮನ್ ವಿಜ್ಞಾನಿ ಇದನ್ನು 1795ರಲ್ಲಿ ವರ್ಣಿಸಿದ. ಎಂಟು ಸೆಂಟಿಮೀಟರಿಗಿಂತ ದೊಡ್ಡದಾಗುವುದು ಅಪರೂಪ, ಹಾಗಾಗಿ ನೂರು ಲೀಟರಿನಲ್ಲಿ ಒಂದು ಜೋಡಿ ನೆಮ್ಮದಿಯಾಗಿ ಸಂಸಾರ ಮಾಡುತ್ತದೆ. ಹೊಳೆಯ ಮೀನಿಗೆ ಹಳದಿ ಮಿಶ್ರಿತ ಹಸಿರು ಮೈ, ಸಾಲು ಸಾಲಾಗಿ ಕೆಂಪು ಚುಕ್ಕೆ, ಪಕ್ಕೆಯ ನಡುವೆ ಒಂದು ದೊಡ್ಡ ಕಪ್ಪು ಮಚ್ಚೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ ಕಿತ್ತಳೆ ಬಣ್ಣದ ತಳಿ. ಅದರಲ್ಲಿ ಕಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಮಾಸಿರುತ್ತದೆ.

ಹೊಳೆಯಿಂದ ತರುವುದಾದರೆ ಯಾವ ಮೀನನ್ನು ತರಬಹುದು ಎನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಆರೆಂಜ್ ಕ್ರೋಮೈಡ್ ದಕ್ಷಿಣ ಭಾರತ, ಶ್ರೀಲಂಕಾದ ಹಿನ್ನೀರುಗಳಲ್ಲೆಲ್ಲ ಧಾರಾಳವಾಗಿದೆ, ಎಂಟು ಮೀನು ತಂದರೆ ಹೊಳೆಗೆ ನಷ್ಟವಿಲ್ಲ. ಕೆನರೆನ್ಸಿಸ್ ಹಾಗಲ್ಲ. 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟ ಈ ಮೀನು ನಮ್ಮ ಜಿಲ್ಲೆಯ ಹಳೆಯ ಹೆಸರನ್ನೇ ಹೊತ್ತಿದೆ. ಈ ಭಾಗದ ಸಿಹಿನೀರಿನ ಹೊಳೆಗಳನ್ನು ಬಿಟ್ಟರೆ ಅದಕ್ಕೆ ಬೇರೆ ಮನೆ ಇಲ್ಲ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಜಾತಿ ಎಂದು ದಾಖಲಾಗಿದೆ. ಕೆಂಪು ಗೆರೆಯ ಮಿಸ್ ಕೇರಳ ಮೀನೂ ಅದೇ ವರ್ಗದಲ್ಲಿದೆ. ಇಂಥವನ್ನು ಹೊಳೆಯಿಂದ ಎತ್ತಿ ತಂದು ಟ್ಯಾಂಕಿನಲ್ಲಿ ಪ್ರಯೋಗ ಮಾಡುವುದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೇಕೇ ಬೇಕೆಂದರೆ ಟ್ಯಾಂಕಿನಲ್ಲಿ ಹುಟ್ಟಿದ ಮರಿ ಸಿಗುವವರೆಗೆ ಕಾಯಿರಿ. ಶಿಶಿಲ, ತೊಡಿಕಾನದಂಥ ಮತ್ಸ್ಯತೀರ್ಥಗಳಲ್ಲಿ, ಕುದುರೆಮುಖ, ಸೋಮೇಶ್ವರ, ಮೂಕಾಂಬಿಕಾ ಅರಣ್ಯಗಳೊಳಗಿನ ತೋಡುಗಳಲ್ಲಿ ಬಲೆ ಇಳಿಸುವ ಮಾತೇ ಇಲ್ಲ. ಉಳಿದ ಕಡೆಯೂ ಆ ಜಾಗದ ಮೀನುಗಾರಿಕೆಯ ಹಕ್ಕು ಯಾರದೆಂದು ಕೇಳಿ, ಒಪ್ಪಿಗೆ ಪಡೆದೇ ನೀರಿಗಿಳಿಯಬೇಕು.

ಇನ್ನು ನೀರು. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಮೆದು, ಸ್ವಲ್ಪ ಹುಳಿ. ನಮ್ಮ ಬಾವಿಯಲ್ಲಿ ಪಿಎಚ್ (ಹುಳಿ, ಕ್ಷಾರದ ಅಳತೆ; 7 ಎಂದರೆ ಎರಡೂ ಅಲ್ಲ) 6ರ ಆಸುಪಾಸು, ಟಿಡಿಎಸ್ (ಕರಗಿದ ಲವಣಗಳ ಅಳತೆ) ನೂರರ ಒಳಗೆ. ನಗರದ ನಳದ ನೀರು ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿಯ ನೀರು, ಅದೂ ಮೆದುವೇ, ಜೊತೆಗೆ ಕ್ಲೋರಿನ್. ದಕ್ಷಿಣ ಅಮೆರಿಕದ ಹುಳಿ ನೀರಿನ ಮೀನುಗಳಿಗೆ, ಕಾರ್ಡಿನಲ್ ಟೆಟ್ರಾ, ಎಪಿಸ್ಟೋಗ್ರಾಮಾದಂಥವುಗಳಿಗೆ, ಈ ಬಾವಿನೀರು ವರದಾನ. ಬೇರೆ ಊರಿನವರು ಆರ್‌ಒ ಯಂತ್ರ ಇಟ್ಟು ಪಡೆಯುವ ನೀರು ನಮಗೆ ಹಗ್ಗ ಸೇದಿದರೆ ಸಿಗುತ್ತದೆ. ಆದರೆ ಅಳಿವೆಯ ಮೀನಾದ ಕ್ರೋಮೈಡಿಗೆ ಇದೇ ನೀರು ಕಂಟಕ. ಹುಳಿ ನೀರಿನಲ್ಲಿ ನಾಲ್ಕಾರು ವಾರ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ, ಆಮೇಲೆ ರೆಕ್ಕೆಯ ಅಂಚು ಕರಗುವುದು, ಮೈಮೇಲೆ ಹತ್ತಿಯಂಥ ಬೂಸು, ಮೊಟ್ಟೆ ಇಟ್ಟರೆ ಎರಡೇ ದಿನದಲ್ಲಿ ಬಿಳಿಚಿಕೊಳ್ಳುವುದು, ಹೀಗೆ ಒಂದೊಂದಾಗಿ ಶುರುವಾಗುತ್ತದೆ.

ಇದಕ್ಕೆ ಮದ್ದು ಅಡುಗೆಮನೆಯಲ್ಲಿದೆ: ಮರುವಾಯಿ, ಅಂದರೆ ಕಪ್ಪೆಚಿಪ್ಪಿನ ಚಿಪ್ಪು. ಪುಂಡಿ, ಸುಕ್ಕ ಮಾಡಿದ ಮೇಲೆ ಉಳಿದ ಚಿಪ್ಪನ್ನು ಕುದಿಸಿ, ಬ್ರಶ್ಶಿನಿಂದ ತಿಕ್ಕಿ, ಎರಡು ದಿನ ಬಿಸಿಲಿಗೆ ಒಣಗಿಸಿ, ಸುತ್ತಿಗೆಯಿಂದ ಉಗುರಿನಷ್ಟು ತುಂಡು ಮಾಡಿ. ನೂರು ಲೀಟರಿಗೆ ಅರ್ಧ ಕಿಲೋ ಸಾಕು. ನೆಟ್ಟಿನ ಚೀಲಕ್ಕೆ ಹಾಕಿ ಫಿಲ್ಟರಿನ ನೀರು ಹಾದುಹೋಗುವ ಜಾಗದಲ್ಲಿಡಿ. ಒಂದೆರಡು ವಾರದಲ್ಲಿ ಪಿಎಚ್ 7.5ರ ಹತ್ತಿರ ಬಂದು ನಿಲ್ಲುತ್ತದೆ. ನೀರು ಹುಳಿಯಾಗಿದ್ದಾಗ ಮಾತ್ರ ಚಿಪ್ಪಿನ ಸುಣ್ಣ ವೇಗವಾಗಿ ಕರಗುವುದರಿಂದ ಇದು ತಾನಾಗಿಯೇ ಮಿತಿಯಲ್ಲಿರುತ್ತದೆ, ಸುರಿದದ್ದು ಹೆಚ್ಚಾಯಿತೆಂಬ ಭಯವಿಲ್ಲ. ಇನ್ನೂ ಮೇಲೇರಬೇಕಾದರೆ ಅಡುಗೆ ಸೋಡಾ: ನೂರು ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ (ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟಿನ ಅಳತೆ) ಒಂದು ಡಿಗ್ರಿ ಏರುತ್ತದೆ, ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಬೇಡ. ಉಪ್ಪು ಲೀಟರಿಗೆ 3 ಗ್ರಾಂ, ಅಂದರೆ ಟ್ಯಾಂಕಿಗೆ 300 ಗ್ರಾಂ, ಅಕ್ವೇರಿಯಂ ಸಮುದ್ರ ಉಪ್ಪು. ಅಯೋಡಿನ್ ಬೆರೆಸದ ಕಲ್ಲುಪ್ಪೂ ಆಗುತ್ತದೆ. ಸಮುದ್ರದ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ತಾನಾಗಿ ಉಪ್ಪು ನುಗ್ಗುತ್ತದೆ. ಜನವರಿಯಲ್ಲಿ ಅಳೆದ ಲೆಕ್ಕವನ್ನು ಮೇ ತಿಂಗಳಲ್ಲಿ ನೆಚ್ಚಿಕೊಳ್ಳಬೇಡಿ.

ಹೊಳೆಮೀನು ಹಿಡಿಯಲು ಒಳ್ಳೆಯ ಕಾಲ ಡಿಸೆಂಬರಿನಿಂದ ಮಾರ್ಚ್. ನೀರು ತಿಳಿಯಾಗಿರುತ್ತದೆ, ಮೀನು ಕಣ್ಣಿಗೆ ಕಾಣುತ್ತದೆ. ಮೊದಲ ಮಳೆಗೆ ಹೊಳೆಮೀನು ಗದ್ದೆ, ತೋಡುಗಳಿಗೆ ಏರಿಬರುವ ಉಬರ್ ಕಾಲದಲ್ಲಿ ಹಿಡಿಯುವುದು ಸುಲಭ ನಿಜ, ಆದರೆ ಅದು ಮೊಟ್ಟೆ ತುಂಬಿದ ಮೀನಿನ ಪಯಣ, ಅದನ್ನು ತಡೆಯಬಾರದು. ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ಅಡಿಕೆಗೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಆಗಲೇ. ತೋಟದಿಂದ ತೊಳೆದು ಬರುವ ಮೈಲುತುತ್ತಿನ ತಾಮ್ರ ಕಿವಿರಿಗೆ ಕೆಟ್ಟದ್ದು. ತೋಟದ ಕೆಳಗಿನ ತೋಡಿನಿಂದ ಜುಲೈಯಲ್ಲಿ ತಂದ ಮೀನು ಹೊರಗಿನಿಂದ ಲಕ್ಷಣವಾಗಿದ್ದರೂ ವಾರದೊಳಗೆ ಒಂದೊಂದಾಗಿ ಸಾಯುತ್ತದೆ, ಯಾವ ಔಷಧಿಯೂ ನಾಟುವುದಿಲ್ಲ.

ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಹಿಂಬದಿಯ ಮೊಣಕಾಲುದ್ದ ನೀರು, ಕಾಂಡ್ಲಾ (ಅಳಿವೆಯ ಮ್ಯಾಂಗ್ರೋವ್) ಬೇರಿನ ಸಂದು, ಹಳೆಯ ಕಲ್ಲುಕಟ್ಟಿದ ದಂಡೆ, ಇವು ಕ್ರೋಮೈಡಿನ ಜಾಗ. ಉಡುಪಿ ಕಡೆ ಉದ್ಯಾವರ, ಸ್ವರ್ಣಾ ಹೊಳೆಗಳ ಹಿನ್ನೀರಿನಲ್ಲಿ ಹುಡುಕುವವರೂ ಇಂಥ ಜಾಗವನ್ನೇ ನೋಡಬೇಕು. ಬೀಸುಬಲೆ ಬೇಡ. ನೈಲಾನ್ ಎಳೆಗೆ ಮೈ ಉಜ್ಜಿ ಹುರುಪೆ ಹಾರುತ್ತದೆ, ಲೋಳೆ ಕಿತ್ತುಹೋಗುತ್ತದೆ, ಆ ಗಾಯದಲ್ಲಿ ಮೂರನೇ ದಿನ ಬೂಸು ಕೂರುತ್ತದೆ. ಗಾಳವೂ ಬೇಡ, ಬಾಯಿ ಹರಿದ ಮೀನು ಮುಂದೆ ಮೊಟ್ಟೆ, ಮರಿಗಳನ್ನು ಬಾಯಲ್ಲಿ ಎತ್ತಿಡಲಾರದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕೊಯ್ದು ತಲೆಕೆಳಗಾಗಿ ಸಿಕ್ಕಿಸಿದ ಬಲೆಬಾಟಲಿ ಎಲ್ಲಕ್ಕಿಂತ ಒಳ್ಳೆಯದು. ಮೈಗೆ ಕಬ್ಬಿಣದ ಕಂಬಿ ಕಾಯಿಸಿ ಹತ್ತಿಪ್ಪತ್ತು ತೂತು, ಒಳಗೆ ಒಂದು ಕಲ್ಲು, ಜಜ್ಜಿದ ಎಟ್ಟಿಯ (ಸಿಗಡಿಯ) ತಲೆ ಒಂದು. ಉಬ್ಬರ ಏರುತ್ತಿರುವಾಗ ದಂಡೆಗೆ ಹತ್ತಿರ ಇಟ್ಟು ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿ. ನಾಲ್ಕರಿಂದ ಐದು ಸೆಂಟಿಮೀಟರಿನ ಮೀನನ್ನು ಮಾತ್ರ ಇಟ್ಟುಕೊಳ್ಳಿ. ದೊಡ್ಡವು ಟ್ಯಾಂಕಿಗೆ ಒಗ್ಗುವುದು ಕಷ್ಟ, ಮೇಲಾಗಿ ಅವು ಆಗಲೇ ಜೋಡಿಯಾಗಿ ಮರಿ ಕಾಯುತ್ತಿರಬಹುದು. ಒಂದನ್ನು ಎತ್ತಿದರೆ ಅಲ್ಲಿಯ ಮರಿಗಳೆಲ್ಲ ಅನಾಥ.

ಮೀನು ಹಿಡಿದ ಜಾಗದಲ್ಲೇ ನೀರಿನ ಉಷ್ಣತೆ, ಪಿಎಚ್, ಉಪ್ಪಿನಂಶ ಅಳೆದು ಬರೆದಿಡಬೇಕು. ಸಿಗಡಿ ಕೆರೆಗಳಲ್ಲಿ ಬಳಸುವ ಕೈ ರಿಫ್ರಾಕ್ಟೋಮೀಟರಿಗೆ ಒಂದು ಹನಿ ಸಾಕು. ಉಬ್ಬರವೋ ಇಳಿತವೋ ಎಂಬುದನ್ನೂ ಬರೆಯಿರಿ, ಏಕೆಂದರೆ ಒಂದೇ ಜಾಗದ ನೀರು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ನಮ್ಮ ಮೀನು ಸಿಕ್ಕಾಗ ಲೀಟರಿಗೆ 9 ಗ್ರಾಂ ಉಪ್ಪಿತ್ತು. ಕ್ವಾರಂಟೈನ್ ಟ್ಯಾಂಕನ್ನೂ ಅದಕ್ಕೇ ಹೊಂದಿಸಿಟ್ಟು, ವಾರಕ್ಕೆ 2 ಗ್ರಾಂನಂತೆ ಇಳಿಸುತ್ತ ಬಂದೆವು. ಮೀನು ಇದಕ್ಕಿಂತ ಬೇಗದ ಬದಲಾವಣೆಯನ್ನೂ ತಾಳೀತು, ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ ತಾಳುವುದಿಲ್ಲ. ಉಪ್ಪು ಹಠಾತ್ತಾಗಿ ಏರಿಳಿದರೆ ಅವು ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಏರುತ್ತದೆ. ಕ್ಷಾರದ ನೀರಿನಲ್ಲಿ ಅಮೋನಿಯಾದ ವಿಷ ಹುಳಿ ನೀರಿಗಿಂತ ಎಷ್ಟೋ ಹೆಚ್ಚು.

ಅಂಗಡಿಯ ಮೀನು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ಹುಟ್ಟಿನದು. ಯಾವ ಊರಿನಿಂದ ಬಂತು, ಅಂಗಡಿಗೆ ಬಂದು ಎಷ್ಟು ದಿನ, ಯಾವ ನೀರಿನಲ್ಲಿದೆ, ಏನು ತಿನ್ನುತ್ತಿದೆ, ತಾಯಿ ತಂದೆಯರ ಜೊತೆ ಬೆಳೆದ ಮರಿಗಳೋ ಅಥವಾ ಮೊಟ್ಟೆಯನ್ನು ಬೇರೆ ಮಾಡಿ, ಬೂಸು ತಡೆಯುವ ಮೆಥಿಲಿನ್ ಬ್ಲೂ ಬೆರೆಸಿದ ನೀರಿನಲ್ಲಿ ಮರಿ ಮಾಡಿದವೋ. ಕೊನೆಯ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗುವುದು ಕಡಿಮೆ, ಆದರೆ ಮುಖ್ಯ ಅದೇ. ಮೊಟ್ಟೆ ತಿನ್ನುವ ಜೋಡಿಯ ಮೊಟ್ಟೆಯನ್ನೂ ಮನುಷ್ಯ ಬೇರೆ ಮಾಡಿ ಉಳಿಸಿದರೆ ಆ ದುರ್ಗುಣ ಮುಂದಿನ ತಲೆಮಾರಿಗೆ ದಾಟುತ್ತದೆ. ಹೊಳೆಯಲ್ಲಿ ಮರಿ ಕಾಯಲಾರದ ಜೋಡಿಯ ವಂಶ ಅಲ್ಲಿಗೇ ನಿಲ್ಲುತ್ತದೆ, ಮರಿಶಾಲೆಯಲ್ಲಿ ನಿಲ್ಲುವುದಿಲ್ಲ. ಏಂಜೆಲ್ ಮೀನು ಸಾಕಿದವರಿಗೆ ಇದು ಹೊಸದಲ್ಲ. ಎಳೆಯದರಲ್ಲೇ ಕಣ್ಣು ಕುಕ್ಕುವ ಬಣ್ಣವಿರುವ ಮರಿಗಳ ವಿಷಯದಲ್ಲೂ ಎಚ್ಚರ ಬೇಕು. ಹಾರ್ಮೋನು ಬೆರೆಸಿದ ಮೇವಿನಿಂದ ಬಂದ ಬಣ್ಣವಾದರೆ ಅದು ಕೆಲವು ವಾರಗಳಲ್ಲಿ ಮಾಸುತ್ತದೆ, ಸಂತಾನಶಕ್ತಿಯೂ ಕುಂದಿರುತ್ತದೆ.

ಚೆನ್ನೈ, ಕೋಲ್ಕತ್ತದಂಥ ದೂರದಿಂದ ಆಮ್ಲಜನಕ ತುಂಬಿದ ಚೀಲದಲ್ಲಿ ನೇರವಾಗಿ ತರಿಸಿದ ಮೀನಿನಲ್ಲಿ ಹೊಸಬರು ಮಾಡುವ ತಪ್ಪೊಂದಿದೆ, ಮತ್ತು ಅದು ಒಳ್ಳೆಯ ಉದ್ದೇಶದ ತಪ್ಪು. ಚೀಲ ಬಿಚ್ಚಿ, ಗಂಟು ಹಾಕಿದ ಗಾಳಿಕೊಳವೆಯಿಂದ ಎರಡು ಗಂಟೆ ಹನಿ ಹನಿಯಾಗಿ ಟ್ಯಾಂಕಿನ ನೀರು ಬೆರೆಸುತ್ತಾರೆ. ಇಪ್ಪತ್ತನಾಲ್ಕು ಗಂಟೆ ಮುಚ್ಚಿದ್ದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಹುಳಿಯಾಗಿರುತ್ತದೆ, ಆ ಹುಳಿಯಿಂದಾಗಿ ಅಷ್ಟೊಂದು ಅಮೋನಿಯಾ ಇದ್ದರೂ ನಂಜೇರುವುದಿಲ್ಲ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ನಿಮಿಷಗಳಲ್ಲಿ ವಿಷವಾಗುತ್ತದೆ. ಮೀನು ಅದೇ ನೀರಿನಲ್ಲಿ ಎರಡು ಗಂಟೆ ಬೇಯುತ್ತದೆ. ದೂರದ ಚೀಲವಾದರೆ ಕಳಿಸುವವರ ನೀರಿನ ಪಿಎಚ್, ಉಪ್ಪು ಕೇಳಿ ತಿಳಿದು ಕ್ವಾರಂಟೈನ್ ನೀರನ್ನು ಮೊದಲೇ ಹೊಂದಿಸಿಡಿ. ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಬಿಚ್ಚಿದೊಡನೆ ಮೀನನ್ನು ಕೈಬಲೆಗೆ ಸುರಿದು ಒಳಗೆ ಬಿಡಿ, ಚೀಲದ ನೀರು ಚರಂಡಿಗೆ. ಎರಡು ಗಂಟೆಯೊಳಗೆ ಬಕೆಟ್ಟಿನಲ್ಲಿ ಮನೆ ಸೇರಿದ ಹೊಳೆಮೀನಿಗೂ ಊರಿನ ಅಂಗಡಿಯಿಂದ ತಂದ ಮೀನಿಗೂ ಹನಿ ಬೆರೆಸುವುದೇ ಸರಿ. ಮೀನು ತರುವ ಬಕೆಟ್ಟಿಗೆ ಲೀಟರಿಗೊಂದು ಮೀನು, ಬ್ಯಾಟರಿ ಏರ್ ಪಂಪು, ಮೇಲೆ ಒದ್ದೆ ಬಟ್ಟೆ.

ಕ್ವಾರಂಟೈನ್ ಅಂಗಡಿ ಮೀನಿಗೆ ಮೂವತ್ತು ದಿನ, ಹೊಳೆಮೀನಿಗೆ ನಲವತ್ತೈದು. 60 ಲೀಟರಿನ ಟ್ಯಾಂಕು, ತಳಕ್ಕೆ ಏನೂ ಹಾಕಬೇಡಿ, ಒಂದು ತಿಂಗಳು ಮೊದಲೇ ಬೇರೆ ಟ್ಯಾಂಕಿನಲ್ಲಿ ಓಡಿಸಿದ ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ಎರಡು ತುಂಡು. ಕೈಬಲೆ, ಕೊಳವೆ, ಬಕೆಟ್ ಎಲ್ಲ ಇದಕ್ಕೇ ಮೀಸಲು.

ಎರಡನೇ ದಿನ ರಾತ್ರಿ ದೀಪ ಆರಿಸಿ ಒಂದೊಂದೇ ಮೀನನ್ನು ಗಾಜಿನ ಚಿಕ್ಕ ಪೆಟ್ಟಿಗೆಗೆ ತೆಗೆದು, ಹಿಂದಿನಿಂದ ಟಾರ್ಚ್ ಹಿಡಿದು ನೋಡಿದೆವು. ಬೆಳಕು ಮೈಯ ಮೂಲಕ ಹಾದು ಬರುವಾಗ ಹಗಲಲ್ಲಿ ಕಾಣದ್ದು ಕಾಣುತ್ತದೆ. ಒಂದು ಹೊಳೆಮೀನಿನ ರೆಕ್ಕೆಯ ಬುಡದಲ್ಲಿ ಹುರುಪೆಯಂತೆಯೇ ಕಂಡ ಪಾರದರ್ಶಕ ಬಿಲ್ಲೆಯೊಂದು ಮೆಲ್ಲಗೆ ಜಾರಿತು. ಅದು ಆರ್ಗುಲಸ್, ಮೀನಿನ ಹೇನು, ಐದು ಮಿಲಿಮೀಟರ್ ಅಗಲ. ಇನ್ನೊಂದರ ಕಿವಿರು ಮುಚ್ಚಳ ಒಂದು ಕಡೆ ಸ್ವಲ್ಪ ಎದ್ದು ನಿಂತಿತ್ತು, ಒಳಗೆ ಅಳಿವೆಯ ಐಸೊಪಾಡ್ ಎಂಬ ಪರಾವಲಂಬಿ, ಮರಹುಳದಂತೆ ಕಾಲು ಮಡಚಿಕೊಂಡು ಕೂತಿತ್ತು. ಎರಡನ್ನೂ ಮೊಂಡು ತುದಿಯ ಚಿಮುಟದಿಂದ ತೆಗೆಯಬಹುದು: ಒದ್ದೆ ಹತ್ತಿಬಟ್ಟೆಯಲ್ಲಿ ಮೀನಿನ ಕಣ್ಣು ಮುಚ್ಚಿ ಹಿಡಿದು, ಹುಳವನ್ನು ತಲೆಯ ಕಡೆಯಿಂದ ಹಿಡಿದು ಎಳೆಯಬೇಕು, ಅರ್ಧ ನಿಮಿಷಕ್ಕಿಂತ ಹೆಚ್ಚು ನೀರಿನ ಹೊರಗೆ ಬೇಡ. ದಾರದಂತೆ ನೇತಾಡುವ ಲೆರ್ನಿಯಾ ಎಂಬ ಪರಾವಲಂಬಿ ಇದ್ದರೆ ಚರ್ಮಕ್ಕೆ ತಾಗಿದ ಬುಡದಲ್ಲೇ ಹಿಡಿಯಿರಿ, ನಡುವೆ ಹಿಡಿದರೆ ತುಂಡಾಗಿ ತಲೆ ಒಳಗುಳಿಯುತ್ತದೆ. ಗಾಯಕ್ಕೆ ಪೊವಿಡೋನ್ ಅಯೋಡಿನ್ ಒಂದು ಚುಕ್ಕೆ, ಕಿವಿರಿಗೆ ತಾಗದಂತೆ.

ಕಣ್ಣಿಗೆ ಕಾಣದವು ಇನ್ನೂ ಮುಖ್ಯ. ಕಿವಿರು, ಚರ್ಮದ ಚಪ್ಪಟೆ ಹುಳಗಳಿಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2 ಮಿಲಿಗ್ರಾಂ. 600 ಮಿಲಿಗ್ರಾಂನ ಮಾತ್ರೆಯನ್ನು ನುಣ್ಣಗೆ ಅರೆದು ಐದು ಪಾಲು ಮಾಡಿದರೆ ಒಂದು ಪಾಲು 60 ಲೀಟರಿಗೆ ಸರಿ. ಇದು ನೀರಿನಲ್ಲಿ ಬೇಗ ಕರಗುವುದಿಲ್ಲ, ಮುಚ್ಚಳದ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಚೆನ್ನಾಗಿ ಕುಲುಕಿ ಸುರಿಯಿರಿ. ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ, ಹಾಗಾಗಿ ವಾರ ಬಿಟ್ಟು ಇನ್ನೊಮ್ಮೆ. ಹೊಟ್ಟೆಯ ದಾರದ ಹುಳಗಳಿಗೆ ಲೆವಾಮಿಸೋಲ್, ಅದೂ ಲೀಟರಿಗೆ 2 ಮಿಲಿಗ್ರಾಂ. ಬೆಳಕಿಗೆ ಕೆಡುವುದರಿಂದ ಟ್ಯಾಂಕಿಗೆ ಬಟ್ಟೆ ಹೊದಿಸಿ ಇಪ್ಪತ್ತನಾಲ್ಕು ಗಂಟೆ, ಆಮೇಲೆ ತಳದಲ್ಲಿ ಬಿದ್ದ ಹುಳಗಳನ್ನು ಕೊಳವೆಯಿಂದ ಎಳೆದು ಅರ್ಧ ನೀರು ಬದಲಿಸಿ, ಮೂರು ವಾರಕ್ಕೆ ಪುನಃ. ಎರಡು ಔಷಧಿಗಳನ್ನೂ ಒಟ್ಟಿಗೆ ಹಾಕಬೇಡಿ, ನಡುವೆ ನಾಲ್ಕೈದು ದಿನ ಬಿಡಿ. ಬಿಳಿ, ನೂಲಿನಂಥ ಹಿಕ್ಕೆ, ಒಳಗೆ ಸೊರಗಿದ ಹೊಟ್ಟೆ, ಬಾಗಿದ ಬೆನ್ನು, ಇವು ಮೂರೂ ಒಂದೇ ಮೀನಿನಲ್ಲಿ ಕಂಡರೆ ಮೀನಿನ ಕ್ಷಯ ಇರಬಹುದು. ಅಂಗಡಿಯ ಇಕ್ಕಟ್ಟಿನ ಟ್ಯಾಂಕುಗಳಲ್ಲಿ ಬೆಳೆದವುಗಳಲ್ಲಿ ಇದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಅಂಥ ಮೀನಿನಿಂದ ಮರಿ ಮಾಡಿಸಬೇಡಿ, ಕೈಯಲ್ಲಿ ಗಾಯವಿದ್ದರೆ ಆ ನೀರಿಗೆ ಕೈ ಹಾಕಬೇಡಿ. ಏನೆಂದು ತಿಳಿಯದಿದ್ದರೆ ಮಂಗಳೂರಿನ ಎಕ್ಕೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಮೀನುಗಾರಿಕಾ ಕಾಲೇಜು ಇದೆ, ಬಲ್ಲವರನ್ನು ಕೇಳುವುದು ಊಹೆಯ ಔಷಧಿಗಿಂತ ಮೇಲು.

ಆಹಾರದಲ್ಲಿ ಹೊಳೆಮೀನು ಹಠಮಾರಿ. ಪೆಲ್ಲೆಟ್ ಕಾಳು ಅದಕ್ಕೆ ಆಹಾರವೆಂದೇ ಗೊತ್ತಿಲ್ಲ. ಮೊದಲ ವಾರ ಮೊಯಿನಾ, ಆರ್ಟೀಮಿಯಾ ಎಂಬ ಜೀವಂತ ನೀರಿನ ಸಣ್ಣ ಜೀವಿಗಳು, ಸಣ್ಣಗೆ ಕತ್ತರಿಸಿದ ಎರೆಹುಳ. ಸೊಳ್ಳೆಯ ಮರಿ ಮೀನಿಗೆ ಬಹಳ ಇಷ್ಟ, ಆದರೆ ಮಲೇರಿಯಾ ಕಾಡುವ ಮಂಗಳೂರಿನಲ್ಲಿ ಅಂಗಳದಲ್ಲಿ ಡ್ರಮ್ ಇಟ್ಟು ಸೊಳ್ಳೆ ಸಾಕುವುದು ನೆರೆಮನೆಯವರ ಜೀವದ ಪ್ರಶ್ನೆ, ಅದು ಬೇಡ. ಎರಡನೇ ವಾರ ಹಸಿ ಎಟ್ಟಿಯನ್ನು ಸಾಸಿವೆಯಷ್ಟು ಸಣ್ಣಗೆ ಹೆಚ್ಚಿ ಜೀವಂತ ಆಹಾರದ ನಡುವೆ ಸೇರಿಸಿ. ಮೂರನೇ ವಾರ ಆ ಎಟ್ಟಿಯ ರಸದಲ್ಲೇ ನೆನೆಸಿದ ಮೆದು ಪೆಲ್ಲೆಟ್. ಒಂದು ಮೀನು ತಿಂದರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ, ಈ ಕೆಲಸಕ್ಕೆ ಅಂಗಡಿ ಮೀನೊಂದನ್ನು ಜೊತೆಗೆ ಬಿಡುವ ಆಸೆ ಬರುತ್ತದೆ. ಕ್ವಾರಂಟೈನ್ ಮುಗಿಯುವವರೆಗೆ ಹಾಗೆ ಮಾಡಬೇಡಿ. ಜೊತೆಗೆ ಬೇಯಿಸಿದ ಬಸಳೆ ಎಲೆ. ಹೊಳೆಯಲ್ಲಿ ಇವು ಪಾಚಿ ತಿಂದು ಬೆಳೆದವು, ಬರೀ ಮಾಂಸ ಕೊಟ್ಟರೆ ಹೊಟ್ಟೆ ಕೆಡುತ್ತದೆ. ನಮ್ಮ ಎಂಟು ಹೊಳೆಮೀನುಗಳಲ್ಲಿ ಒಂದು ಕೊನೆಯವರೆಗೂ ಸರಿಯಾಗಿ ತಿನ್ನದೆ ಹೋಯಿತು. ಉಳಿದ ಏಳು ಎರಡನೇ ತಿಂಗಳ ಕೊನೆಗೆ ಪೆಲ್ಲೆಟ್ಟಿಗೆ ಬಂದವು.

ಗಂಡು ಹೆಣ್ಣು ಗುರುತಿಸುವುದು ಕ್ರೋಮೈಡಿನಲ್ಲಿ ನೆಚ್ಚುವಂಥದ್ದಲ್ಲ. ಗಂಡು ತುಸು ದೊಡ್ಡದು ಎನ್ನುವುದಷ್ಟೇ. ಮೊಟ್ಟೆ ಇಡುವ ಹೊತ್ತಿಗೆ ಹೆಣ್ಣಿನ ಗುದದ ಬಳಿಯ ನಾಳ ಮೊಂಡಾಗಿ ಅಗಲವಾಗಿಯೂ ಗಂಡಿನದು ಚೂಪಾಗಿಯೂ ಕಾಣುತ್ತದೆ. ಅದಕ್ಕೇ ಎರಡನ್ನು ಕೊಂಡು ಜೋಡಿ ಎಂದು ನಂಬದೆ ಆರೆಂಟು ಎಳೆಯ ಮೀನು ತಂದು ತಾವಾಗಿ ಜೋಡಿ ಕಟ್ಟಲು ಬಿಡಬೇಕು. ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಓಡಿಸತೊಡಗಿದ ದಿನವೇ ಉಳಿದವನ್ನು ಬೇರೆ ಮಾಡಿ. ಎರಡು ದಿನ ತಡವಾದರೆ ರೆಕ್ಕೆ ಹರಿದ ಮೀನು ಮೇಲ್ಮೈಯಲ್ಲಿ ಬಾಯಿ ಕಳೆದು ನಿಂತಿರುತ್ತದೆ. ಎರಡು ಹೆಣ್ಣುಗಳೂ ಜೋಡಿಯಂತೆ ಕೂಡಿ ಮೊಟ್ಟೆ ಇಡುತ್ತವೆ. ಸತತ ಮೂರು ಬಾರಿ ಪೂರ್ತಿ ಬಿಳಿಚಿದರೆ, ನೀರು ಸರಿಯಿದ್ದರೆ, ಅನುಮಾನ ಅಲ್ಲಿಗೆ ಹೋಗಬೇಕು.

ಮೊಟ್ಟೆ ಇಡುವ ಜಾಗಕ್ಕೆ ಮಂಗಳೂರು ಹಂಚಿಗಿಂತ ಒಳ್ಳೆಯದು ನಾವು ಕಂಡಿಲ್ಲ. ಸುಟ್ಟ ಮಣ್ಣಿನ ಒರಟು ಮೈಗೆ ಮೊಟ್ಟೆಯ ತೊಟ್ಟು ಗಟ್ಟಿ ಅಂಟುತ್ತದೆ. ಬಣ್ಣ ಬಳಿಯದ, ಪಾಚಿನಾಶಕ ಹೊಡೆಯದ ಹಂಚಿನ ಅಂಗೈಯಗಲದ ತುಂಡನ್ನು ಕುದಿಸಿ, ಗೋಡೆಗೆ ಓರೆಯಾಗಿ ಒರಗಿಸಿ. ಮೊಟ್ಟೆಗಳು ಒಳಮೈಗೆ, ಬೆಳಕು ನೇರ ಬೀಳದ ಕಡೆ. ನಮ್ಮಲ್ಲಿ ಎಣಿಸಿದ್ದು ನೂರೈವತ್ತರಿಂದ ಇನ್ನೂರೈವತ್ತರವರೆಗೆ. ಉಷ್ಣತೆ 27 ಡಿಗ್ರಿಯಲ್ಲಿ ಐದನೇ ದಿನ ಒಡೆಯುತ್ತವೆ. ಬೇಸಗೆಯಲ್ಲಿ ಹೀಟರ್ ಬೇಡ, ಆಟಿಯ (ಜುಲೈ, ಆಗಸ್ಟ್) ಮಳೆಯಲ್ಲಿ ರಾತ್ರಿ ನೀರು ತಣ್ಣಗಾಗುವುದರಿಂದ 100 ವಾಟಿನದ್ದೊಂದು ಬೇಕು. ಕರೆಂಟು ಹೋಗುವ ಕಾಲವೂ ಅದೇ ಆದ್ದರಿಂದ ಬ್ಯಾಟರಿ ಏರ್ ಪಂಪು ಸಿದ್ಧವಿರಲಿ.

ಅಂಗಡಿ ಜೋಡಿ ಮೊದಲ ನಾಲ್ಕು ಬಾರಿಯ ಮೊಟ್ಟೆಗಳನ್ನೂ ತಿಂದಿತು. ಎರಡನೇ ದಿನ, ಮೂರನೇ ದಿನ, ಒಮ್ಮೆ ಮರಿ ಒಡೆದ ಸಂಜೆ. ನೀರು, ಆಹಾರ, ಶಾಂತಿ ಎಲ್ಲ ಸರಿಯಿದ್ದೂ ತಿನ್ನುತ್ತಿತ್ತು. ಟ್ಯಾಂಕಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ರಾತ್ರಿ ಸಣ್ಣ ದೀಪವೊಂದನ್ನು ಆರಿಸದೆ ಬಿಟ್ಟ ಮೇಲೆ ಐದನೇ ಬಾರಿ ಕಾದವು. ಗಂಡು ಸರಿಯಾಗಿ ಕಾಯಲು ಕಲಿತದ್ದು ಆರನೇ ಬಾರಿಗೆ. ಹೊಳೆಯ ಜೋಡಿ ಎಂಟನೇ ತಿಂಗಳಿನವರೆಗೆ ಮೊಟ್ಟೆಯ ಸುದ್ದಿಯೇ ಇಲ್ಲದೆ ಕಾಯಿಸಿತು, ಆದರೆ ಇಟ್ಟ ಮೊದಲ ಮೊಟ್ಟೆಗಳನ್ನೇ ಮರಿ ಮಾಡಿ ಸಾಕಿತು. ಒಬ್ಬರು ಹಂಚಿನಡಿ ರೆಕ್ಕೆಯಿಂದ ಗಾಳಿ ಬೀಸುವಾಗ ಇನ್ನೊಬ್ಬರು ಹೊರಗೆ ಪಹರೆ, ಆಮೇಲೆ ಪಾಳಿ ಬದಲು. ಬಿಳಿಚಿದ ಮೊಟ್ಟೆಯನ್ನು ಮಾತ್ರ ಹೆಕ್ಕಿ ತೆಗೆಯುತ್ತವೆ. ಒಡೆದ ಮರಿಗಳನ್ನು ಬಾಯಲ್ಲಿ ತಂದು ಹೊಯಿಗೆಯಲ್ಲಿ ತೋಡಿದ ಗುಳಿಗೆ ಉಗುಳುತ್ತವೆ. ಐದಾರು ದಿನ ಅಲ್ಲೇ ಬಾಲ ಬಡಿಯುತ್ತಿದ್ದು, ಆಮೇಲೆ ಮೋಡದಂತೆ ಏಳುತ್ತವೆ.

ಕಾಯುವ ಕಾಲದಲ್ಲಿ ಹೊಳೆಮೀನಿನ ಹೊಟ್ಟೆಯ ರೆಕ್ಕೆಗಳು ಮಸಿಯಂತೆ ಕಪ್ಪಾದವು. ಗಾಜಿನ ಹತ್ತಿರ ಯಾರಾದರೂ ಬಂದರೆ ತಾಯಿ ಅವನ್ನು ಪಟಪಟನೆ ಬಿಚ್ಚಿ ಮುಚ್ಚುತ್ತದೆ, ಚದುರಿದ ಮರಿಗಳೆಲ್ಲ ಅದರ ಹೊಟ್ಟೆಯಡಿ ಸೇರುತ್ತವೆ. ಮರಿಗಳು ಒಂದೊಂದಾಗಿ ತಾಯಿಯ ಪಕ್ಕೆಗೆ ನುಗ್ಗಿ, ಮೂತಿ ತಾಗಿಸಿ ಜಾರಿ ಹಿಂದೆ ಸರಿಯುವುದನ್ನು ನೋಡಿ ಹೊಸಬರು ರೋಗವೆಂದು ಹೆದರುವುದುಂಟು. ಅವು ತಾಯಿ ತಂದೆಯರ ಮೈಯ ಲೋಳೆ ತಿನ್ನುತ್ತಿವೆ. ಮರಿಗಳನ್ನು ಬೇಗ ಬೇರೆ ಮಾಡಬಾರದು ಎನ್ನುವುದು ಇದಕ್ಕೇ: ಈ ಲೋಳೆ ಸಿಕ್ಕ ಮರಿಗಳು ನಮ್ಮಲ್ಲಿ ಬೇರೆ ಮಾಡಿ ಸಾಕಿದವುಗಳಿಗಿಂತ ಹೆಚ್ಚು ಸಮನಾಗಿ ಬೆಳೆದವು. ಆದರೆ ಇನ್ನೂರು ಮರಿ ಒಂದೇ ಸಮನೆ ಕಚ್ಚಿದರೆ ತಾಯಿಯ ಪಕ್ಕೆ ಕೆಂಪಾಗುತ್ತದೆ. ಆರ್ಟೀಮಿಯಾ ಹೊಟ್ಟೆ ತುಂಬ ಕೊಟ್ಟರೆ ಕಚ್ಚುವುದು ಕಡಿಮೆಯಾಗುತ್ತದೆ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಚಿಟಿಕೆ ಅಡುಗೆ ಸೋಡಾ, ಚಹಾ ಚಮಚ ಆರ್ಟೀಮಿಯಾ ಮೊಟ್ಟೆ, ತಳದಿಂದ ಜೋರು ಗಾಳಿ, ಮೇಲೆ ಬೆಳಕು, ಇಪ್ಪತ್ತನಾಲ್ಕು ಗಂಟೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲಿ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನ ಕಡೆ ಕೂಡುತ್ತವೆ. ಅಷ್ಟನ್ನೇ ಕೊಳವೆಯಿಂದ ಎಳೆದು, ಬಟ್ಟೆಯಲ್ಲಿ ಸೋಸಿ, ದಿನಕ್ಕೆ ಮೂರು ಬಾರಿ. ಸಿಪ್ಪೆ ಟ್ಯಾಂಕಿಗೆ ಹೋದರೆ ಮರಿಗಳ ಕರುಳು ಕಟ್ಟುತ್ತದೆ.

ಮೊದಲ ಬಾರಿ ಮಾಡುವವರಿಗೆ ನಮ್ಮ ಸಲಹೆ ಈ ಎರಡೂ ಅಲ್ಲ. ಹೊಳೆಮೀನಿಗೆ ಟ್ಯಾಂಕಿನಲ್ಲಿ ಹುಟ್ಟಿ, ತಾಯಿ ತಂದೆಯರೇ ಸಾಕಿದ ಮೊದಲ ತಲೆಮಾರು, ಹವ್ಯಾಸಿಗಳು ಎಫ್-1 ಎನ್ನುವ ಮರಿಗಳು, ಸಿಕ್ಕರೆ ಅದೇ ಉತ್ತಮ. ಹುಳದ ಕಾಟ ಮುಗಿದಿರುತ್ತದೆ, ಪೆಲ್ಲೆಟ್ ತಿನ್ನುತ್ತವೆ, ಮರಿ ಕಾಯುವ ಗುಣ ಹಾಗೇ ಉಳಿದಿರುತ್ತದೆ. ಆದರೆ ಒಂದೇ ತಾಯಿಯ ಮಕ್ಕಳನ್ನೇ ಜೋಡಿ ಮಾಡುತ್ತ ಹೋದರೆ ಮೂರು ನಾಲ್ಕು ತಲೆಮಾರಿನಲ್ಲಿ ಮುರುಟಿದ ಬೆನ್ನು, ಕಿರಿದಾದ ಕಿವಿರು ಮುಚ್ಚಳ ಕಾಣತೊಡಗುತ್ತದೆ. ಹಾಗಾಗಿ ಬೇರೆ ಬೇರೆ ಎರಡು ಜೋಡಿಯಿಂದ ನಾಲ್ಕು ನಾಲ್ಕು ಮರಿ ತನ್ನಿ. ಅಂಗಡಿಯ ಕಿತ್ತಳೆ ಬಣ್ಣದ ತಳಿಯನ್ನು ಹೊಳೆಯ ತಳಿಯೊಂದಿಗೆ ಬೆರೆಸಬೇಡಿ. ಎರಡರ ಗುಣವೂ ಕಲಸಿಹೋಗುತ್ತದೆ, ಮುಂದೆ ಕೊಳ್ಳುವವರಿಗೆ ಯಾವುದೆಂದು ಹೇಳಲು ಬರುವುದಿಲ್ಲ.

ಮರಿ ಹೆಚ್ಚಾಯಿತೆಂದು ಹೊಳೆಗೆ ಬಿಡುವುದಂತೂ ಕೂಡದು, ಅದೇ ಹೊಳೆಯ ಮೀನಿನ ಮರಿಯಾದರೂ. ಟ್ಯಾಂಕಿನಲ್ಲಿ ಬೇರೆ ದೇಶದ ಮೀನುಗಳ ನೀರು, ಬಲೆ, ರೋಗ ಎಲ್ಲ ತಾಗಿರುತ್ತದೆ. ಟ್ಯಾಂಕಿನಿಂದ ಹೊರಬಿದ್ದ ಸಕ್ಕರ್ ಮೀನು ಕೇರಳದ ಹೊಳೆಗಳಲ್ಲಿ ನೆಲೆಯೂರಿ ಬಲೆಗಳನ್ನು ಹರಿಯುತ್ತಿರುವುದು ಕಣ್ಣ ಮುಂದಿದೆ. ಹೆಚ್ಚಾದ ಮರಿಗಳನ್ನು ಸಾಕುವವರಿಗೆ ಕೊಡಿ. ನಾವು ಎರಡು ಸೆಂಟಿಮೀಟರ್ ಆದ ಮೇಲೆ, ಒಂದು ದಿನ ಉಪವಾಸ ಹಾಕಿ, ಚೀಲಕ್ಕೆ ಆರರಂತೆ ಕೊಡುತ್ತೇವೆ. ಪ್ರತಿ ಚೀಲದ ಮೇಲೆ ಮೇಣದ ಪೆನ್ಸಿಲಿನಲ್ಲಿ ಐದು ಸಾಲು ಬರೆದಿರುತ್ತದೆ: ಅಜ್ಜ ಅಜ್ಜಿಯರು ಫಲ್ಗುಣಿಯವರೋ ಅಂಗಡಿಯವರೋ, ಎಷ್ಟನೇ ತಲೆಮಾರು, ಮೊಟ್ಟೆ ಒಡೆದ ದಿನ, ನೀರಿನ ಪಿಎಚ್, ಲೀಟರಿಗೆ ಎಷ್ಟು ಗ್ರಾಂ ಉಪ್ಪು.